ಎಲ್ಲಾದಕ್ಕೂ 'ಅಲ್ಲ, ಅಲ್ಲ' ಅಂದ್ರ ಐದು ಕಾಸು ದಂಡ

ಈ ಸಲ ಹೊಲದ ಮಾತು ಕಡಿಮಿ, ಕಲ್ಲಿನ ಮಾತು ಜಾಸ್ತಿ.

ನಮ್ಮ ಬಾಗಳಿ ಕಲ್ಲೇಶ್ವರ ಗುಡಿ ನೀವೆಲ್ಲ ನೋಡೀರಿ. ರಾಷ್ಟ್ರಕೂಟರ ಕಾಲಕ್ಕೆ ಶುರುವಾಗಿ, ಚಾಲುಕ್ಯ ತೈಲಪನ ಆಳ್ವಿಕೆಯಲ್ಲಿ, ಕ್ರಿ.ಶ. 987ರ ಸುಮಾರಿಗೆ ಬೆಳೆದ ಗುಡಿ. ಇಲ್ಲಿ 30ಕ್ಕೂ ಹೆಚ್ಚು ಶಾಸನ ಸಿಕ್ಕಾವು. ಆಗಿನ ಕಾಲದ ಅಗ್ರಹಾರಗಳಲ್ಲಿ ಊರ ವ್ಯವಹಾರ ಮಹಾಜನರ ಕೈಯಾಗಿತ್ತು. ಭೂಮಿ, ಕೆರೆ, ದಾನ, ತೆರಿಗೆ ಎಲ್ಲಾ ಕೂತು ಮಾತಾಡಿ ಕಲ್ಲಿಗೆ ಬರೆಸೋರು. ಆದರೆ ಕಲ್ಲಿಗೆ ಬರೋದು ತೀರ್ಮಾನ. ಸಭೆಯಾಗ ಯಾರು ಹೆಂಗ ಮಾತಾಡಿದ್ರು ಅನ್ನೋದು ಅದರಾಗ ಬರಂಗಿಲ್ಲ.

ಅದನ್ನೂ ಕಲ್ಲಿಗೆ ಹಾಕಿದ ಊರು ತಮಿಳುನಾಡಿನಾಗೈತಿ. ತಿರುನೆಲ್ವೇಲಿ ಕಡೆಯ ಮಾನೂರು. ಕ್ರಿ.ಶ. 800ರ ಸುಮಾರಿನ, ಪಾಂಡ್ಯರ ಕಾಲದ ಶಾಸನ. ಸಭೆಯಲ್ಲಿ ಬಂದ ಪ್ರತಿಯೊಂದು ವಿಷಯಕ್ಕೂ 'ಅಲ್ಲ, ಅಲ್ಲ' ಅಂತ ಅಡ್ಡಗಾಲು ಹಾಕೋನಿಗೂ, ಅವನ ಬೆನ್ನಿಗೆ ನಿಂತೋರಿಗೂ ಐದು ಕಾಸು ದಂಡ! ಸಾವಿರದ ಇನ್ನೂರು ವರ್ಷದ ಹಿಂದೆಯೂ ಇಂಥೋರು ಇದ್ರು ನೋಡ್ರಿ.

ಕಾಂಚೀಪುರದ ಹತ್ತಿರ ಉತ್ತರಮೇರೂರಿನಲ್ಲಿ, ಪರಾಂತಕ ಚೋಳನ ಕಾಲದಾಗ, 919ರಲ್ಲಿ ಸಮಿತಿ ಆರಿಸೋಕೆ ನಿಯಮ ಬರೆಸಿದ್ರು. ಓಲೆಗರಿ ಮ್ಯಾಲೆ ಹೆಸರು ಬರೆದು, ಗಡಿಗೆಯಾಗ ಹಾಕಿ, ಚೀಟಿ ಎತ್ತೋದು. 921ರಲ್ಲೇ ಅದನ್ನ ತಿದ್ದಿ ಮತ್ತೆ ಬರೆಸಿದ್ರು. ವಯಸ್ಸು 35ರಿಂದ 70ರೊಳಗಿರಬೇಕು. ಲೆಕ್ಕ ಒಪ್ಪಿಸದೋನೂ, ಅವನ ನೆಂಟರೂ ಹೊರಗೆ.

ಆದರೆ ಒಂದು ಮಾತು ಮರೀಬಾರದು. ಈ ಸಭೆಗಳ ಬಾಗಿಲು ಸಣ್ಣದು. ಜಮೀನಿದ್ದ, ವೇದ ಓದಿದ ಗಂಡಸರಿಗೆ ಮಾತ್ರ ಜಾಗ. ಉತ್ತು ಬಿತ್ತೋರು ಹೊರಗೇ ನಿಂತ್ರು.

ಬಾಗಿಲು ದೊಡ್ಡದು ಮಾಡಿದರೆ ಮಾತು ಕೆಡತೈತಾ? ಇದಕ್ಕ ಉತ್ತರ 12ನೇ ಶತಮಾನದ ಕಲ್ಯಾಣದಾಗೈತಿ. ದೋಣಿ ನಡೆಸೋ ಚೌಡಯ್ಯ ಬಂದ, ಅಕ್ಕಿ ಆಯೋ ಲಕ್ಕಮ್ಮ ಬಂದಳು. ಗಂಡ ಮಾರಯ್ಯ ಹೆಚ್ಚಿಗೆ ಅಕ್ಕಿ ತಂದಾಗ, ವಾಪಸ್ ಸುರಿದು ಬಾ ಅಂತ ತಿದ್ದಿದವಳು ಆಕೆ. ಮಾತು ಕೆಡಲಿಲ್ಲ, ಇನ್ನೂ ಹರಿತ ಆಯ್ತು. ನನಗ ತಿಳಿದ ಕಾರಣ ಒಂದೇ: ಅಲ್ಲಿ ಮಾತಿಗೆ ತೂಕ ಬರ್ತಿದ್ದದ್ದು ಕಾಯಕದಿಂದ.

ಈಗ ನಮ್ಮ ಮಾತಿಗೆ ಬರ್ತೀನಿ. ಮೆಕ್ಕೆಜೋಳದೋರ ನಮ್ಮ ಕೂಟ ಶುರುವಾದಾಗ ಹತ್ತು ಮಂದಿ ಇದ್ವಿ. ಈಗ ಕಟ್ಟೆ ಸಾಲವಲ್ದು. ಮೊನ್ನೆ ಸೈನಿಕ ಹುಳುವಿನ ವಿಷಯಕ್ಕೆ ಕೂತಾಗ, ಸಾಲು ಹಿಡಿದು ಸುಳಿ ಬಿಚ್ಚಿ ಹುಳು ಎಣಿಸಿ ಬಂದಿದ್ದ ಅಕ್ಕಗ ಮಾತು ಮುಗಿಸೋಕೇ ಆಗಲಿಲ್ಲ. ಹೊಲಕ್ಕೇ ಹೋಗದೋರು ಔಷಧಿ ಹೆಸರು ಕೂಗ್ತಿದ್ರು. ಮನಿಗೆ ಹೋಗಿ ಅದನ್ನೇ ಹೊಡೆದರೆ ರೊಕ್ಕ ಹೋಗೋದು ನಮ್ಮದೇ. ಇನ್ನು ಹೊಸಬರನ್ನ ಸೇರಿಸೋದು ಬ್ಯಾಡ ಅಂತ ಹಿರಿಯರು ಕೆಲವರು ಅಂದ್ರು. ನಾನು ಒಪ್ಪಂಗಿಲ್ಲ. ಬಾಗಿಲು ಕಲ್ಯಾಣದ್ದಿರಲಿ, ಕಟ್ಟು ಮಾನೂರಿದ್ದಿರಲಿ.

ಹೊಲದಾಗ ಕಣ್ಣಾರೆ ಕಂಡೋರು ಮೊದಲು ಮಾತಾಡಲಿ. ಬ್ಯಾಡ ಅನ್ನೋರು, ಮತ್ತೇನು ಮಾಡಬೇಕು ಅಂತಾನೂ ಹೇಳಲಿ. ತೀರ್ಮಾನ ಬುಕ್ಕಿನಾಗ ಬರೆದು, ಮುಂದಿನ ಸಲ ಹೊಸಬರ ಮುಂದೆ ಓದಲಿ. ಸರಿ ಬರದಿದ್ರ ಉತ್ತರಮೇರೂರಿನೋರಂಗೆ ತಿದ್ದೋಣ.

ದಂಡ ಐದು ಕಾಸು ಬ್ಯಾಡ. ಅಡ್ಡಗಾಲು ಹಾಕಿದೋರು ಎಲ್ಲರಿಗೂ ಚಾ ಕುಡಿಸಲಿ. ಏನಂತೀರಿ?