ಸ್ತನ ಕ್ಯಾನ್ಸರ್ ತಪಾಸಣೆ: ಕೈಗೆ ಸಿಗುವ ಗಡ್ಡೆ, ತಪ್ಪಿಸಿಕೊಳ್ಳುವ ಗಡ್ಡೆ

ಕೇಂದ್ರ ಸರಕಾರದ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಸ್ತನ ತಪಾಸಣೆ ಆಗಬೇಕು. ಇದು ಯಂತ್ರದ ಪರೀಕ್ಷೆಯಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ ಕೈಯಿಂದ ಮುಟ್ಟಿ ನೋಡುವುದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಿಗೂ ಇದೇ ಕ್ರಮ.

ಇದರಿಂದ ಪ್ರಯೋಜನವಿದೆಯೇ? ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ, ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡು ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಎರಡು ವರ್ಷಕ್ಕೊಮ್ಮೆ ಕೈ ಪರೀಕ್ಷೆ ಮಾಡಿದವರಲ್ಲಿ ರೋಗ ಮೊದಲ ಹಂತಗಳಲ್ಲೇ ಹೆಚ್ಚಾಗಿ ಸಿಕ್ಕಿತು. 50 ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇ. 30ರಷ್ಟು ಇಳಿಯಿತು. ಅದಕ್ಕಿಂತ ಕಿರಿಯರಲ್ಲಿ ಅಂಥ ಇಳಿಕೆ ಕಾಣಲಿಲ್ಲ.

ತಪಾಸಣೆಯ ಮಿತಿ ಇರುವುದು ಗಡ್ಡೆಯ ವೇಗದಲ್ಲಿ. ನಿಧಾನವಾಗಿ ಬೆಳೆಯುವ ಗಡ್ಡೆ ವರ್ಷಗಟ್ಟಲೆ ಒಳಗಿರುತ್ತದೆ, ಒಂದಲ್ಲ ಒಂದು ತಪಾಸಣೆಗೆ ಸಿಗುತ್ತದೆ. ಉಗ್ರ ಸ್ವಭಾವದ್ದು ಎರಡು ತಪಾಸಣೆಗಳ ನಡುವಿನ ಕೆಲವೇ ತಿಂಗಳಲ್ಲಿ ಬೆಳೆದುಬಿಡಬಹುದು. ‘ಟ್ರಿಪಲ್ ನೆಗೆಟಿವ್’ ಎಂಬ ಬಗೆ ಇಂಥದ್ದು. ಕಿರಿಯ ವಯಸ್ಸಿನವರಲ್ಲಿ ಇದರ ಪಾಲು ಹೆಚ್ಚು. ಮ್ಯಾಮೊಗ್ರಾಮ್ ಕೂಡ ಇದಕ್ಕೆ ಪೂರ್ಣ ಪರಿಹಾರವಲ್ಲ. ಕಿರಿಯರ ಸ್ತನದ ಅಂಗಾಂಶ ದಟ್ಟವಾಗಿದ್ದು, ಚಿತ್ರದಲ್ಲಿ ಗಡ್ಡೆ ಮರೆಯಾಗಬಹುದು.

ಆದ್ದರಿಂದ “ಹೋದ ವರ್ಷ ತೋರಿಸಿದ್ದೆ, ಏನೂ ಇರಲಿಲ್ಲ” ಎಂಬುದು ಈಗ ಕಂಡ ಗಂಟಿಗೆ ಉತ್ತರವಲ್ಲ. ನೋವಿಲ್ಲವೆಂದು ಬಿಡುವವರೇ ಬಹಳ. ಕ್ಯಾನ್ಸರ್ ಗಂಟು ಹೆಚ್ಚಾಗಿ ನೋಯುವುದೇ ಇಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ತಾಯಂದಿರಿಗೆ ಒಂದು ದಿನದ ಕೂಲಿ ದೊಡ್ಡದು, ನಿಜ. ಆದರೂ ಗಂಟು, ಚರ್ಮದ ಕುಳಿ, ಮೊಲೆತೊಟ್ಟಿನಿಂದ ರಕ್ತ ಕಂಡರೆ ಮುಂದಿನ ಶಿಬಿರಕ್ಕೆ ಕಾಯದೆ ವೈದ್ಯರಿಗೆ ತೋರಿಸಬೇಕು. ಸ್ಕ್ಯಾನ್ ಮತ್ತು ಸೂಜಿ ಪರೀಕ್ಷೆಯಿಂದ ವಿಷಯ ಖಚಿತವಾಗುತ್ತದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಹೋಗುವಾಗ ಆಧಾರ್, ರೇಷನ್ ಕಾರ್ಡ್ ಮತ್ತು ಹಳೆಯ ವರದಿಗಳು ಜೊತೆಗಿರಲಿ.