ತೆಳಿ, ಉಪ್ಪು ಮತ್ತು ಬೊಂಡ: ಉಡುಪಿ ಸೀಮೆಯಲ್ಲಿ ದೀರ್ಘ ಶ್ರಮದ ನಂತರದ ಆಹಾರ

ಉಡುಪಿಯ ಫೆಬ್ರವರಿ ಬೆಳಗು ಮೈಗೆ ಹಿತ. ಆದರೆ ಓಡುವವರು ಆ ಹಿತವನ್ನು ನಂಬುವಂತಿಲ್ಲ. ಕಡಲಿಗೆ ತಾಗಿದ ಈ ಸೀಮೆಯಲ್ಲಿ ಬೆಳಗಿನ ಗಾಳಿಯ ತುಂಬ ತೇವ. ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಬೆವರು ಆರದೆ ಮೈ ತಣಿಯುವುದಿಲ್ಲ, ಮೈ ತಣಿಯದ್ದರಿಂದ ಬೆವರು ನಿಲ್ಲುವುದಿಲ್ಲ. ಮಾಹೆ ವಿಶ್ವವಿದ್ಯಾಲಯ ಫೆಬ್ರವರಿಯಲ್ಲಿ ನಡೆಸುವ ಮಣಿಪಾಲ ಮ್ಯಾರಥಾನ್‌ನಲ್ಲಿ ಗುಡ್ಡದ ಏರಿಳಿತ ಹತ್ತಿಳಿಯುವವರು, ಕಾರ್ಕಳದ ಮೀಯಾರು ಲವ-ಕುಶ ಜೋಡುಕರೆಯಲ್ಲೂ ಕಾಪು ತಾಲೂಕಿನ ಕಟಪಾಡಿ ಮೂಡು-ಪಡು ಕರೆಯಲ್ಲೂ ಕೋಣಗಳ ಹಿಂದೆ ಓಡುವವರು, ಕೃಷ್ಣಾಷ್ಟಮಿಗೆ ಮೈತುಂಬ ಬಣ್ಣ ಬಳಿದುಕೊಂಡು ಕುಣಿಯುವ ಹುಲಿವೇಷಧಾರಿಗಳು, ಎಲ್ಲರ ಕಷ್ಟವೂ ಇದೇ.

ಕೋಣಗಳ ಓಟವಾದ ಕಂಬಳವನ್ನು ಈ ಪಟ್ಟಿಯಲ್ಲಿ ಸೇರಿಸುವುದಕ್ಕೆ ಆಕ್ಷೇಪ ಬರಬಹುದು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡ 142.5 ಮೀಟರ್ ಉದ್ದದ ಓಟದ ಕರೆಯನ್ನು ಮುಗಿಸಿದ್ದು 13.62 ಸೆಕೆಂಡಿನಲ್ಲಿ. ವ್ಯಾಯಾಮ ಶಾಸ್ತ್ರದ ಲೆಕ್ಕದಲ್ಲಿ ಇದು ಶುದ್ಧ ವೇಗದ ಓಟ. ಆದರೆ ಕಂಬಳ ಬೆಳಿಗ್ಗೆ ಶುರುವಾಗಿ ಮರುದಿನದವರೆಗೂ ನಡೆಯುತ್ತದೆ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳು. ಗೆದ್ದಷ್ಟೂ ಸುತ್ತುಗಳು ಹೆಚ್ಚು. ಕೆಸರುನೀರಿನಲ್ಲಿ ಮತ್ತೆ ಮತ್ತೆ ಓಡಿ, ನಡುವೆ ನಿದ್ದೆಗೆಟ್ಟು ಕಾಯುವ ಆ ಒಂದು ದಿನವನ್ನು ಇಡಿಯಾಗಿ ನೋಡಿದರೆ ಅದು ಸಹನಶಕ್ತಿಯ ಪರೀಕ್ಷೆಯೇ.

ದಣಿದವರ ಕೈಗೆ ಈ ಊರಿನಲ್ಲಿ ಮೊದಲು ಬರುವುದು ಬೊಂಡ, ಎಂದರೆ ಎಳನೀರು. ಅದರ ಕೀರ್ತಿ ದೊಡ್ಡದು, ಅರ್ಹತೆಯೂ ಇದೆ. ಮಲೇಷ್ಯಾದಲ್ಲಿ ಎಂಟು ಮಂದಿ ಯುವಕರನ್ನು ಸೆಕೆಯಲ್ಲಿ ಓಡಿಸಿ, ಬಳಿಕ ಎಳನೀರು, ಬರೀ ನೀರು ಮತ್ತು ಕ್ರೀಡಾಪಾನೀಯ ಕುಡಿಸಿ ನಡೆಸಿದ ಪ್ರಯೋಗವೊಂದು 2002ರಲ್ಲಿ ಪ್ರಕಟವಾಯಿತು. ಕಳೆದುಕೊಂಡ ತೂಕದಲ್ಲಿ ಮರಳಿ ಬಂದದ್ದು ಎಳನೀರಿನಿಂದ ಶೇ. 75, ನೀರಿನಿಂದ ಶೇ. 73, ಕ್ರೀಡಾಪಾನೀಯದಿಂದ ಶೇ. 80. ಈ ವ್ಯತ್ಯಾಸಗಳಿಗೆ ಸಂಖ್ಯಾಶಾಸ್ತ್ರದ ಪ್ರಕಾರ ಅರ್ಥವಿರಲಿಲ್ಲ. ಎಳನೀರಿನ ನಿಜವಾದ ಲಾಭವೆಂದರೆ ಹೊಟ್ಟೆ ತೊಳಸದೆ ಹೆಚ್ಚು ಕುಡಿಯಲಾಗುವುದು.

ಕೊರತೆ ಉಪ್ಪಿನದು. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಸರಾಸರಿ ಲೀಟರಿಗೆ ಹೆಚ್ಚುಕಡಿಮೆ ಒಂದು ಗ್ರಾಂ. ಪೊಟ್ಯಾಶಿಯಂ ಹೋಗುವುದು ಸ್ವಲ್ಪವೇ. ಬೊಂಡದಲ್ಲಿ ಇದರ ತದ್ವಿರುದ್ಧ. 60 ಕಿಲೋ ತೂಗುವ ಓಟಗಾರ ಓಟ ಮುಗಿಸಿ ತಕ್ಕಡಿ ಹತ್ತಿದಾಗ 58 ಕಿಲೋ ಇದ್ದರೆ, ಆತ ಸುಮಾರು ಎರಡು ಲೀಟರ್ ನೀರನ್ನೂ ಒಂದು ಚಮಚದಷ್ಟು ಅಡುಗೆ ಉಪ್ಪನ್ನೂ ಕಳೆದುಕೊಂಡಿರುತ್ತಾನೆ. ಬೇಗ ಚೇತರಿಸಿಕೊಳ್ಳಬೇಕಾದವರು ಹೋದ ಪ್ರತಿ ಕಿಲೋಗೆ ಒಂದೂವರೆ ಲೀಟರ್ ದ್ರವ ಕುಡಿಯಬೇಕು ಎಂಬುದು ಅಮೆರಿಕದ ಕ್ರೀಡಾ ವೈದ್ಯರ ಸಂಘ 2007ರಲ್ಲಿ ಕೊಟ್ಟ ಸಲಹೆ. ಉಪ್ಪಿಲ್ಲದೆ ಅಷ್ಟನ್ನೂ ಒಟ್ಟಿಗೆ ಕುಡಿದರೆ ಹೆಚ್ಚಿನ ಪಾಲು ಮೂತ್ರವಾಗಿ ಹೋಗುತ್ತದೆ. ಅದೇ 2007ರಲ್ಲಿ ಪ್ರಕಟವಾದ ಇನ್ನೊಂದು ಮಲೇಷ್ಯಾ ಅಧ್ಯಯನದಲ್ಲಿ ಎಳನೀರಿಗೆ ಸೋಡಿಯಂ ಬೆರೆಸಿ ಕೊಟ್ಟಾಗ ಅದು ಕ್ರೀಡಾಪಾನೀಯಕ್ಕೆ ಸರಿಸಮನಾಗಿ ನಿಂತಿತು. ಬೊಂಡಕ್ಕೆ ಚಿಟಿಕೆ ಉಪ್ಪು ಹಾಕಿಕೊಂಡರೆ ಸಾಕು. ರುಚಿ ಕೆಟ್ಟಿತೆಂದು ಮುಖ ಸಿಂಡರಿಸುವವರು ಜತೆಗೆ ಉಪ್ಪಿನಕಾಯಿ ಇರುವ ಊಟ ಮಾಡಲಿ.

ಆ ಊಟ ಇಲ್ಲಿ ಮನೆಮನೆಯಲ್ಲೂ ಇದೆ, ಕುಚ್ಚಲಕ್ಕಿ ಗಂಜಿ. ಅದರ ತಿಳಿನೀರಾದ ತೆಳಿಗೆ ಉಪ್ಪು ಹಾಕಿ ಕುಡಿಯುವುದರ ಹಿಂದೆ ಇರುವ ಶರೀರಕ್ರಿಯೆ, 1971ರಲ್ಲಿ ಬಂಗಾಳದ ಬೊಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬಿಸ್ ಕಾಲರಾ ರೋಗಿಗಳಿಗೆ ಕುಡಿಸಿದ ಸಕ್ಕರೆ-ಉಪ್ಪಿನ ನೀರಿನದ್ದೇ. ಸಣ್ಣ ಕರುಳು ಗ್ಲೂಕೋಸನ್ನು ಹೀರುವಾಗ ಜತೆಗೆ ಸೋಡಿಯಂ ಅನ್ನೂ ಎಳೆದುಕೊಳ್ಳುತ್ತದೆ, ಅವೆರಡರ ಬೆನ್ನಿಗೆ ನೀರು ಬರುತ್ತದೆ. ಆ ದ್ರಾವಣದ ಈಗಿನ ರೂಪವಾದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು. ಗ್ಲೂಕೋಸಿನ ಬದಲು ಅಕ್ಕಿಹಿಟ್ಟು ಹಾಕಿದ ಓಆರ್‌ಎಸ್ ಕೂಡ ಕಾಲರಾದಲ್ಲಿ ಕೆಲಸ ಮಾಡುತ್ತದೆಂಬುದು ಪ್ರಯೋಗಗಳಲ್ಲಿ ಸಾಬೀತಾಗಿದೆ. ತೆಳಿಯಲ್ಲಿ ಪ್ರಮಾಣಗಳು ಒಲೆಯಿಂದ ಒಲೆಗೆ ಬದಲಾಗುತ್ತವೆ, ಸಾಮಗ್ರಿ ಮಾತ್ರ ಅದೇ. ಬಿಸಿಲಲ್ಲಿ ನಡೆದು ಬಂದವರಿಗೆ ಜಗಲಿಯಲ್ಲಿ ಬೆಲ್ಲ-ನೀರು ಕೊಡುವ ಪದ್ಧತಿಯೂ ಇದರ ಹತ್ತಿರಕ್ಕೆ ಬರುತ್ತದೆ, ಉಪ್ಪೊಂದನ್ನು ಬಿಟ್ಟು.

ಇನ್ನು ಸ್ನಾಯುವಿನ ದಾಸ್ತಾನು, ಎಂದರೆ ಅಲ್ಲಿ ಕೂಡಿಟ್ಟ ಗ್ಲೈಕೋಜನ್. 1966ರಲ್ಲಿ ಸ್ಟಾಕ್‌ಹೋಮಿನ ಸಂಶೋಧಕರಾದ ಬರ್ಗ್‌ಸ್ಟ್ರಾಮ್ ಮತ್ತು ಹಲ್ಟ್‌ಮನ್ ಒಂದೇ ಸೈಕಲ್ಲಿನ ಎರಡು ಬದಿಗೆ ಕುಳಿತು, ತಲಾ ಒಂದೊಂದೇ ಕಾಲಿನಿಂದ ಸುಸ್ತಾಗುವವರೆಗೆ ತುಳಿದರು. ಆಮೇಲೆ ಪಿಷ್ಟ ಹೆಚ್ಚಿರುವ ಊಟ ಮಾಡುತ್ತ ಎರಡೂ ತೊಡೆಗಳಿಂದ ಸೂಜಿಯಲ್ಲಿ ಚೂರು ಮಾಂಸ ತೆಗೆದು ನೋಡಿದರು. ತುಳಿದ ಕಾಲಿನಲ್ಲಿ ಮೂರು ದಿನಗಳಲ್ಲಿ ಗ್ಲೈಕೋಜನ್ ಇನ್ನೊಂದು ಕಾಲಿಗಿಂತ ಇಮ್ಮಡಿಯಾಗಿತ್ತು. 1988ರಲ್ಲಿ ಸಂಶೋಧಕ ಜಾನ್ ಐವಿ ಅವರ ತಂಡ ತೋರಿಸಿದ್ದು ಇನ್ನೊಂದು ಸಂಗತಿ: ವ್ಯಾಯಾಮ ಮುಗಿದ ಕೂಡಲೇ ಕೊಡಬೇಕಾದ ಪಿಷ್ಟವನ್ನು ಎರಡು ಗಂಟೆ ತಡಮಾಡಿದರೆ ತುಂಬಿಕೊಳ್ಳುವ ವೇಗ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಮೊದಲ ನಾಲ್ಕು ಗಂಟೆ ದೇಹತೂಕದ ಕಿಲೋಗೆ ಗಂಟೆಗೊಂದು ಗ್ರಾಂ ಅಥವಾ ತುಸು ಹೆಚ್ಚು ಪಿಷ್ಟ ಬೇಕೆಂಬ ಇಂದಿನ ಸಲಹೆಯ ಬೇರು ಇಂಥ ಪ್ರಯೋಗಗಳಲ್ಲಿದೆ. 60 ಕಿಲೋದವರಿಗೆ ಒಂದು ಗಂಟೆಯ ಪಾಲು 80-90 ಗ್ರಾಂ ಅಕ್ಕಿಯ ಗಂಜಿಯಲ್ಲಿ ಸಿಕ್ಕಿಹೋಗುತ್ತದೆ. ನಾಲ್ಕು ಗಂಟೆ ಗಂಜಿಯನ್ನೇ ಉಣ್ಣಲಾಗದು. ಬಾಳೆಹಣ್ಣು, ಅವಲಕ್ಕಿ-ಬೆಲ್ಲ ಇವೆ.

ಈ ಅವಸರ ಯಾರಿಗೆ ಬೇಕು ಎಂಬುದನ್ನು ಮ್ಯಾರಥಾನ್ ಜಾಹೀರಾತುಗಳು ಹೇಳುವುದಿಲ್ಲ. ಭಾನುವಾರ ಓಡಿ ಬುಧವಾರದವರೆಗೆ ಕಾಲು ಚಾಚಿ ಕೂರುವವರಿಗೆ ದಿನದ ಮಾಮೂಲಿ ಊಟವೇ ಸಾಕು, ದಾಸ್ತಾನು ತಾನಾಗಿ ತುಂಬುತ್ತದೆ. ಮಧ್ಯಾಹ್ನ ಓಡಿ ರಾತ್ರಿ ಮತ್ತೆ ಕರೆಗೆ ಇಳಿಯುವ ಕಂಬಳದ ಓಟಗಾರನಿಗೆ ಒಂದೊಂದು ಗಂಟೆಯೂ ಲೆಕ್ಕ. ಕ್ರೀಡಾಪೋಷಣೆಯ ಪುಸ್ತಕಗಳು ಯಾರನ್ನು ಕಂಡೇ ಇಲ್ಲವೋ ಅವನಿಗೇ ಅವುಗಳ ಸಲಹೆ ಹೆಚ್ಚು ಹೊಂದುತ್ತದೆ. ಸುತ್ತುಗಳ ನಡುವೆ ಅವನು ಸ್ವಲ್ಪ ಸ್ವಲ್ಪವೇ ತಿನ್ನಬೇಕು, ಕುಚ್ಚಲಕ್ಕಿಗಿಂತ ಬೇಗ ಅರಗುವ ಬೆಳ್ತಿಗೆ ಅನ್ನವಾದರೂ ಅಡ್ಡಿಯಿಲ್ಲ.

ಗಂಜಿಯ ಕೊರತೆ ಇರುವುದು ಪ್ರೋಟೀನಿನಲ್ಲಿ. ದುಡಿದ ಸ್ನಾಯುವಿನ ದುರಸ್ತಿಗೆ ಹೊತ್ತಿಗೆ 20 ಗ್ರಾಂ ಆಸುಪಾಸು ಬೇಕು. ಮೇಲೆ ಹೇಳಿದ ಗಂಜಿಯ ಬಟ್ಟಲಿನಲ್ಲಿ ಸಿಗುವುದು ಆರೇಳು ಗ್ರಾಂ. 30 ಗ್ರಾಂ ಹುರುಳಿ ಬೇಯಿಸಿ ಹಾಕಿಕೊಂಡರೆ ಇನ್ನೂ ಆರೇಳು, ಒಂದು ಲೋಟ ಮೊಸರು ಸೇರಿದರೆ ಗುರಿ ಮುಟ್ಟಿದಂತೆ. ಮೀನು ತಿನ್ನುವವರಿಗೆ ಮಲ್ಪೆಯ ಬಂಗುಡೆ ನೂರು ಗ್ರಾಂ ಇದ್ದರೆ ಬೇರೇನೂ ಬೇಡ. ಕಂಬಳದ ಕೋಣಗಳಿಗೆ ಹುರುಳಿ ಬೇಯಿಸಿ ಕೊಡುವುದು ಇಲ್ಲಿ ಎಲ್ಲರಿಗೂ ಗೊತ್ತು. ಓಡುವವನ ತಟ್ಟೆಗೂ ಅದು ತಪ್ಪದೆ ಬೀಳಲಿ.

ನೀರಿನ ವಿಷಯದಲ್ಲಿ ಅತಿಯೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಕೊಟ್ಟ 488 ಓಟಗಾರರ ಪೈಕಿ ಶೇ. 13 ಮಂದಿಯ ಸೋಡಿಯಂ ಮಟ್ಟ ಕುಸಿದಿತ್ತು, ಮೂವರದ್ದು ಪ್ರಾಣಕ್ಕೇ ಸಂಚಕಾರ ತರುವಷ್ಟು. ಓಟದ ಕೊನೆಗೆ ತೂಕ ಹೆಚ್ಚಾಗಿದ್ದವರಲ್ಲೇ ಇದು ಎದ್ದು ಕಂಡಿತು, ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದವರಲ್ಲಿ. ಬೆವರಿನ ಪ್ರಮಾಣ ಆಳಿನಿಂದ ಆಳಿಗೆ ಬೇರೆಯಾದ್ದರಿಂದ ಇಂತಿಷ್ಟು ಲೀಟರ್ ಎಂಬ ಸೂತ್ರಕ್ಕಿಂತ ಓಟದ ಮೊದಲು ಮತ್ತು ನಂತರ ತೂಕ ನೋಡಿಕೊಳ್ಳುವುದು ಲೇಸು.

ಕುಡಿದ ನೀರು ಮೈಯಲ್ಲಿ ನಿಲ್ಲುವುದಕ್ಕೆ ಹಾಲೂ ಒಳ್ಳೆಯದು. ಕೊಬ್ಬು ತೆಗೆದ ಹಾಲು ನೀರಿಗಿಂತ, ಕ್ರೀಡಾಪಾನೀಯಕ್ಕಿಂತ ಹೆಚ್ಚು ಹೊತ್ತು ದೇಹದಲ್ಲಿ ಉಳಿಯುತ್ತದೆ ಎಂದು ಸಂಶೋಧಕಿ ಶಿರೆಫ್ಸ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಉಪ್ಪು, ಶುಂಠಿ, ಗಾಂಧಾರಿ ಮೆಣಸು ಜಜ್ಜಿ ಹಾಕಿದ ನೀರುಮಜ್ಜಿಗೆ ಹಾಲಿನಷ್ಟು ದಟ್ಟವಲ್ಲ, ಆದರೂ ಉಪ್ಪಿನ ಮಟ್ಟಿಗೆ ಅದು ಬೊಂಡಕ್ಕಿಂತ ಮೇಲು. ಉಡುಪಿಯ ಹೆಸರಿಗೆ ಅಂಟಿಕೊಂಡ ಗಡ್‌ಬಡ್ ಐಸ್‌ಕ್ರೀಮಿನಲ್ಲಿ ಹಾಲು, ಹಣ್ಣು, ಸಕ್ಕರೆ ಎಲ್ಲವೂ ಇರುವುದರಿಂದ ಅದನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ಮದ್ಯದ ಮಾತು ಬೇರೆ. 1997ರ ಪ್ರಯೋಗವೊಂದರಲ್ಲಿ ಪಾನೀಯದ ಆಲ್ಕೋಹಾಲ್ ಶೇ. 2ರೊಳಗಿದ್ದಾಗ ನಷ್ಟ ಕಾಣಲಿಲ್ಲ, ಶೇ. 4 ಆದಾಗ ಚೇತರಿಕೆ ನಿಧಾನವಾಯಿತು. ಅಂಗಡಿಯ ಬಿಯರು ಸಾಮಾನ್ಯವಾಗಿ ಆ ಗೆರೆ ದಾಟಿರುತ್ತದೆ; ಕಳ್ಳಿನ ಅಮಲು ಇಳಿಸಿದ ಹೊತ್ತಿನಿಂದ ಗಂಟೆಗಂಟೆಗೂ ಏರುತ್ತಲೇ ಇರುತ್ತದೆ.