ಕ್ರಶ್ ಆದವರೂ ನುರಿತವರೂ

ಮೊನ್ನೆ ಭದ್ರಾವತಿಯಿಂದ ಬಿ.ಆರ್.ಪಿ. ಕಡೆಗೆ ಹೋಗುವ ಬಸ್ಸು ಹತ್ತಿದ್ದೆ. ಬೆಳಗಿನ ಹೊತ್ತು. ಶಂಕರಘಟ್ಟದಲ್ಲಿ ಇಳಿಯುವ ಕುವೆಂಪು ವಿಶ್ವವಿದ್ಯಾಲಯದ ಹುಡುಗ ಹುಡುಗಿಯರೇ ತುಂಬಿಕೊಂಡಿದ್ದರು. ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹುಡುಗಿಯರು. ಇಬ್ಬರಿಗೂ ಸೇರಿ ಒಂದೇ ಮೊಬೈಲು, ಕಿವಿಗೆ ಒಂದೊಂದು ವಯರು.

"ನಂಗೆ ಆರ್ಯವರ್ಧನ್ ಮೇಲೆ ಕ್ರಶ್ ಆಗ್ಬಿಟ್ಟಿದೆ ಕಣೇ."

"ಹೋಗೇ ಮಾರಾಯ್ತಿ, ಆ ಸೀರಿಯಲ್ ಮುಗ್ದೇ ಎಷ್ಟೋ ಕಾಲ ಆಯ್ತು. ನನ್ ಕ್ರಶ್ ಈಗ ಗೌತಮ್ ದಿವಾನ್."

"ಅವ್ರಿಗೆ ಮದುವೆ ಆಗಿದೆ."

"ನಿನ್ನ ಆರ್ಯವರ್ಧನ್‌ಗೆ ಆಗಿರ್ಲಿಲ್ವಾ?"

ಪಕ್ಕದಲ್ಲಿ ಟವೆಲು ಹೊದ್ದು ಕೂತಿದ್ದ ಅಜ್ಜ ಅಲ್ಲಿಯವರೆಗೆ ತೂಕಡಿಸುತ್ತಿದ್ದವರು ಕಣ್ಣು ಬಿಟ್ಟರು. "ಕ್ರಶರ್ ಯಾವೂರಲ್ಲಮ್ಮ? ನಮ್ಮ ಕಡೆಗೂ ಬಂತಾ?"

ಹುಡುಗಿಯರು ನಕ್ಕರು. ನಾನೂ ನಕ್ಕೆ. ಅಜ್ಜ ಮಾತ್ರ ನಗಲಿಲ್ಲ. ಶಿವಮೊಗ್ಗದ ಸುತ್ತಲಿನವರಿಗೆ ಕ್ರಶರ್ ನಗುವ ಮಾತಲ್ಲ. 2021ರ ಜನವರಿ 21ರ ರಾತ್ರಿ ಹುಣಸೋಡಿನ ಕಲ್ಲು ಕ್ವಾರಿಯ ಹತ್ತಿರ ಸ್ಫೋಟಕ ಸಿಡಿದಾಗ ಭೂಕಂಪವೆಂದು ಬೀದಿಗೆ ಓಡಿ ಬಂದವರು ಇನ್ನೂ ಮರೆತಿಲ್ಲ. ಆ ಅಜ್ಜನಿಗೆ ಕ್ರಶ್ ಎಂದರೆ ಗುಡ್ಡ ಜಲ್ಲಿಯಾಗುವುದು. ಈ ಹುಡುಗಿಯರಿಗೆ ಮನಸ್ಸು ಮೆತ್ತಗಾಗುವುದು. ಒಂದೇ ಬಸ್ಸು, ಒಂದೇ ಶಬ್ದ.

ಬಸ್ಸಿಳಿದ ಮೇಲೂ ಆ ಶಬ್ದ ನನ್ನನ್ನು ಬಿಡಲಿಲ್ಲ. ಅದು ಕನ್ನಡಕ್ಕೆ ಬಂದ ಬಗ್ಗೆ ನನ್ನ ತಕರಾರಿಲ್ಲ. ಬಸ್ಸು, ಸೀಟು, ಟವೆಲು ಎಲ್ಲ ಬಂದಿರುವಾಗ ಇದೊಂದನ್ನು ಗಡಿಯಲ್ಲಿ ತಡೆದು ಏನು ಮಾಡುವುದು. ಬಂದ ಮೇಲೆ ಅದು ನಡೆದುಕೊಳ್ಳುತ್ತಿರುವ ರೀತಿಯ ಬಗ್ಗೆ ತಕರಾರಿದೆ. ಮೊದಲು ಅದು 'ಆಗುತ್ತಿತ್ತು': ನೆಗಡಿ ಆದ ಹಾಗೆ, ಲೇಟಾದ ಹಾಗೆ. ಆಮೇಲೆ 'ಮೇಲೆ' ಹತ್ತಿತು: ಸಾಲ ಒಬ್ಬರ ಮೇಲೆ ಇದ್ದಂತೆ ಕ್ರಶ್ಶೂ ಒಬ್ಬರ ಮೇಲೆ ಇರತೊಡಗಿತು. ಈಗ ಮನುಷ್ಯನೇ ಕ್ರಶ್ಶಾಗಿದ್ದಾನೆ. "ನನ್ನ ಕ್ರಶ್ ಕ್ಯಾಂಟೀನಿಗೆ ಬಂದ" ಎನ್ನುತ್ತಾರೆ. ಭಾವನೆ ಎದ್ದು ಚಪ್ಪಲಿ ಮೆಟ್ಟಿ ಕ್ಯಾಂಟೀನಿಗೆ ಬಂದು ಚಹಾ ಕುಡಿಯುವುದನ್ನು ನಮ್ಮ ಹಳೆಯ ಆಲಂಕಾರಿಕರು ನೋಡಿದ್ದರೆ ಅದಕ್ಕೊಂದು ಹೆಸರಿಟ್ಟು ಬಿಡುತ್ತಿದ್ದರು.

ಅದಕ್ಕೂ ಮುಂದೆ ಹೋಗಿದೆ. 2020ರಲ್ಲಿ ನಮ್ಮ ವಿರಾಜಪೇಟೆಯ ರಶ್ಮಿಕಾ ಮಂದಣ್ಣ ಅವರಿಗೆ ಗೂಗಲ್ ಹುಡುಕಾಟದ ದಯೆಯಿಂದ 'ನ್ಯಾಷನಲ್ ಕ್ರಶ್' ಎಂಬ ಬಿರುದು ಬಂತು. ಕನ್ನಡದಲ್ಲಿ ರಾಷ್ಟ್ರಕವಿ ಎನಿಸಿಕೊಂಡವರು ಮೂವರೇ: ಮಂಜೇಶ್ವರದ ಗೋವಿಂದ ಪೈ, ಕುವೆಂಪು, ಜಿ.ಎಸ್. ಶಿವರುದ್ರಪ್ಪ. ಇಬ್ಬರು ನಮ್ಮ ಮಲೆನಾಡಿನ ಕಡೆಯವರು. ಆ ಪದವಿಗೆ ಒಂದು ಜೀವಮಾನ ಬರೆಯಬೇಕಿತ್ತು. ರಾಷ್ಟ್ರಕ್ರಶ್ ಆಗಲು ಒಂದು ರಾತ್ರಿ ಸಾಕು. ರಾಷ್ಟ್ರಕವಿಯ ಹೆಸರು ಹೊತ್ತ ವಿಶ್ವವಿದ್ಯಾಲಯಕ್ಕೆ ಹೋಗುವ ಬಸ್ಸಿನಲ್ಲೇ ನನಗಿದು ಹೊಳೆದದ್ದರಿಂದ ಸ್ವಲ್ಪ ಸಂಕಟವೂ ಆಯಿತು.

ಸಂಕಟವಾದಾಗ ನಾನು ಕನ್ನಡದ ಶಬ್ದವೊಂದನ್ನು ಹುಡುಕುತ್ತೇನೆ. ಕ್ರಶ್ಶಿಗೆ ಸಮನಾದ ಕನ್ನಡ ಕ್ರಿಯೆ ಯಾವುದು? ನಮ್ಮ ಪತ್ರಿಕೆಗಳು ಅದನ್ನು ಎಂದೋ ಕಂಡುಕೊಂಡಿವೆ, ಆದರೆ ವಾಣಿಜ್ಯ ಪುಟದಲ್ಲಿ: 'ಕಬ್ಬು ನುರಿಸುವ ಹಂಗಾಮು ಆರಂಭ.' ನುರಿಸು! ಜಜ್ಜಿ, ಅರೆದು, ಹಿಂಡಿ ರಸ ತೆಗೆಯುವ ಕೆಲಸಕ್ಕೆ ಅಷ್ಟು ಒಳ್ಳೆಯ ಶಬ್ದ ಬೇರೆ ಇಲ್ಲ. ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಬಾಗಿಲು ಹಾಕಿಕೊಂಡಿರುವ ನಮ್ಮ ಕಾಗದ ಕಾರ್ಖಾನೆಯ ಜೊತೆಗೇ ಸಕ್ಕರೆ ಕಾರ್ಖಾನೆಯೂ ಇತ್ತು. ಹಂಗಾಮು ಬಂತೆಂದರೆ ಕಬ್ಬಿನ ಗಾಡಿಗಳ ಸಾಲು. ನುರಿದ ಕಬ್ಬಿನ ರಸ ಸಕ್ಕರೆಗೆ, ಸಿಪ್ಪೆ ಕಾಗದಕ್ಕೆ. ಪತ್ರಿಕೆಗಳು ಅಚ್ಚಾಗುತ್ತಿದ್ದ ಕಾಗದವೂ ಅಲ್ಲಿಂದ ಹೋಗುತ್ತಿತ್ತು. ನುರಿದದ್ದರ ಮೇಲೇ ನಾವು ಅಂಕಣ ಬರೆದುಕೊಂಡು ಬಂದವರು.

ಈಗ ನನ್ನ ಸಿದ್ಧಾಂತ. ಕಬ್ಬು ನುರಿಯುತ್ತದೆ. ಬಿದ್ದ ಗಾಜು ನುಗ್ಗುನುರಿಯಾಗುತ್ತದೆ. ಹಾಗಾದರೆ 'ನುರಿತ' ಎಂದರೆ ಏನಾಗಬೇಕು? ಜಜ್ಜಿಹೋದದ್ದು, ಪುಡಿಯಾದದ್ದು ಎಂದಲ್ಲವೇ? ಆದರೆ ನಾವು ನುರಿತ ವೈದ್ಯ ಎನ್ನುತ್ತೇವೆ, ನುರಿತ ಅಡುಗೆಯವ ಎನ್ನುತ್ತೇವೆ, ನುರಿತ ನಟ ಎನ್ನುತ್ತೇವೆ. ಒಬ್ಬ ಮನುಷ್ಯ ಇಪ್ಪತ್ತು ಮೂವತ್ತು ವರ್ಷ ಒಂದೇ ಕೆಲಸದ ಗಾಣದೊಳಗೆ ಹೋಗಿ ಬಂದು, ಗಡುಸೆಲ್ಲ ಮುರಿದು, ಹೊಟ್ಟೆಲ್ಲ ಹಾರಿ, ಕೊನೆಗೆ ಉಳಿದ ರಸವೇ ನುರಿತವನು. ಪಳಗು ಎನ್ನುವುದರಲ್ಲಿ ಆನೆಯ ನೆನಪಿದೆ. ನುರಿ ಎನ್ನುವುದರಲ್ಲಿ ಕಬ್ಬಿನ ನೆನಪಿದೆ. ಇವು ಎರಡು ಬೇರೆ ಬೇರೆ 'ನುರಿ'ಗಳು, ಒಂದಕ್ಕೊಂದು ನಂಟಿಲ್ಲ ಎಂದು ಯಾರಾದರೂ ನಿಘಂಟು ತೆರೆದು ತೋರಿಸಲು ಬಂದರೆ, ಚಹಾ ಕೊಟ್ಟು ಕಳಿಸುತ್ತೇನೆಯೇ ಹೊರತು ಒಪ್ಪುವುದಿಲ್ಲ.

ಇದನ್ನು ಒಪ್ಪಿಕೊಂಡರೆ ಆ ಬಸ್ಸಿನ ಸಂಗತಿ ಇನ್ನೊಂದು ಬೆಳಕಿನಲ್ಲಿ ಕಾಣುತ್ತದೆ. ಇಂಗ್ಲಿಷಿನ ಲೆಕ್ಕದಲ್ಲಿ ಕ್ರಶ್ ಆಗುವುದು ನೋಡುವವರಿಗೆ. ಕನ್ನಡದ ಲೆಕ್ಕದಲ್ಲಿ ನುರಿಯುವುದು ನಟ. ಅವರು ಅಷ್ಟು ವರ್ಷ ನುರಿದದ್ದರಿಂದಲೇ ಈ ಹುಡುಗಿಯರಿಗೆ ಇಷ್ಟು ಸುಲಭವಾಗಿ ಕ್ರಶ್ ಆದದ್ದು.

ಆ ಇಬ್ಬರು ನಟರನ್ನೇ ನೋಡಿ. 'ಜೊತೆ ಜೊತೆಯಲಿ' ಜೀ ಕನ್ನಡದಲ್ಲಿ ಶುರುವಾದದ್ದು 2019ರಲ್ಲಿ. ಮರಾಠಿಯ 'ತುಲಾ ಪಾಹತೆ ರೇ' ಅದರ ಮೂಲ. ಆರ್ಯವರ್ಧನ್‌ಗೆ ನಲವತ್ತೈದು ವರ್ಷ, ನರೆಗೂದಲು, ದೊಡ್ಡ ವ್ಯವಹಾರ. ಅನು ಸಿರಿಮನೆ ಇಪ್ಪತ್ತರ ಆಸುಪಾಸಿನ ಮಧ್ಯಮ ವರ್ಗದ ಹುಡುಗಿ. ಆರ್ಯವರ್ಧನ್ ಆದದ್ದು ಅನಿರುದ್ಧ ಜತ್ಕರ್. ಅವರು ಸಿನಿಮಾಕ್ಕೆ ಬಂದು ಅಷ್ಟರಲ್ಲಿ ಹದಿನೈದು ವರ್ಷದ ಮೇಲಾಗಿತ್ತು. ಚಾಕಲೇಟು ಮುಖದ ಹೀರೋ ಆಗಿದ್ದಾಗ ಸಿಗದ ಮರುಳು ಕೂದಲು ಬೆಳ್ಳಗೆ ಮಾಡಿಕೊಂಡ ಮೇಲೆ ಸಿಕ್ಕಿತು. 'ಅಮೃತಧಾರೆ' 2023ರದು, ಹಿಂದಿಯ 'ಬಡೇ ಅಚ್ಛೇ ಲಗ್ತೇ ಹೈಂ' ಆಧರಿಸಿದ್ದು. ಅದರ ಗೌತಮ್ ದಿವಾನ್ ರಾಜೇಶ್ ನಟರಂಗ. ಅವರೂ ತರುಣರಲ್ಲ. ನಾಟಕ, ಧಾರಾವಾಹಿ, ಸಿನಿಮಾ ಎಲ್ಲದರಲ್ಲೂ ನುರಿದು ಬಂದವರು. ಇಪ್ಪತ್ತೆರಡರ ಹುಡುಗಿಯರಿಬ್ಬರು ಇಬ್ಬರು ನಡುವಯಸ್ಕರ ಬಗ್ಗೆ ಜಗಳವಾಡುವುದನ್ನು ಕೇಳಿ, ಹಿಂದಿನ ಸೀಟಿನಲ್ಲಿದ್ದ ನಾನು ಕೂದಲ ಮೇಲೆ ಒಮ್ಮೆ ಕೈಯಾಡಿಸಿಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ.

ಆದರೆ ಅವರು ಅನಿರುದ್ಧ ಎನ್ನಲಿಲ್ಲ, ರಾಜೇಶ್ ಎನ್ನಲಿಲ್ಲ. ಆರ್ಯವರ್ಧನ್, ಗೌತಮ್ ದಿವಾನ್ ಎಂದರು. ಕ್ರಶ್ ನಟನ ಮೇಲಲ್ಲ, ಪಾತ್ರದ ಮೇಲೆ. ಪಾತ್ರ ಎನ್ನುವ ಶಬ್ದವನ್ನು ನಾವು ನದಿಗೂ ಬಳಸುತ್ತೇವೆ. ಶಂಕರಘಟ್ಟದಿಂದ ಸ್ವಲ್ಪ ಮುಂದೆ ಹೋದರೆ ಭದ್ರಾ ಅಣೆಕಟ್ಟು. ಮೇಲೆ ನೀರು ನಿಲ್ಲಿಸಿ ನಾಲೆಗೆ ಬಿಟ್ಟ ದಿನಗಳಲ್ಲಿ ಕೆಳಗೆ ಭದ್ರೆಯ ಪಾತ್ರದಲ್ಲಿ ಬಂಡೆಗಳು ಬಿಸಿಲು ಕಾಯಿಸುತ್ತಿರುತ್ತವೆ. ಆಗಲೂ ಅದನ್ನು ಹೊಳೆ ಎಂದೇ ಕರೆಯುತ್ತೇವೆ. ಧಾರಾವಾಹಿಯ ಪಾತ್ರವೂ ಹಾಗೆಯೇ ಇರಬೇಕಿತ್ತಲ್ಲ, ಯಾವ ನೀರು ಹರಿದರೂ ಹೊಳೆ ಹೊಳೆಯೇ ಆಗಬೇಕಿತ್ತಲ್ಲ? 2022ರಲ್ಲಿ ಅನಿರುದ್ಧ ಆ ಧಾರಾವಾಹಿಯಿಂದ ಹೊರಬಂದ ಮೇಲೆ, ಕಥೆಗೆ ತಿರುವು ಕೊಟ್ಟು ಹರೀಶ್ ರಾಜ್ ಅವರನ್ನು ಕರೆತಂದಾಗ ಅದರ ಪರೀಕ್ಷೆ ಆಯಿತು. ಹರೀಶ್ ರಾಜ್ ಕೂಡ ನುರಿತವರೇ. ಆದರೂ ಮನೆಮನೆಯಲ್ಲಿ ಹೆಂಗಸರು "ಇವ್ರು ಅವ್ರಲ್ಲ" ಎಂದರು. ಅಂದರೆ ಕ್ರಶ್ ಬರೀ ಪಾತ್ರದ ಮೇಲೂ ಅಲ್ಲ, ಬರೀ ನಟನ ಮೇಲೂ ಅಲ್ಲ. ನೀರಿನ ಮೇಲೂ ಅಲ್ಲ, ಪಾತ್ರದ ಮೇಲೂ ಅಲ್ಲ. ಆ ನೀರು ಆ ಪಾತ್ರದಲ್ಲಿ ಹರಿದ ಆ ಒಂದು ಮಳೆಗಾಲದ ಮೇಲೆ.

ಹಿಂದೆ ಇದಕ್ಕೆಲ್ಲ ಒಂದೇ ಶಬ್ದವಿತ್ತು: ಹುಚ್ಚು. ರಾಜಕುಮಾರ್ ಹುಚ್ಚು, ನಾಟಕದ ಹುಚ್ಚು, ಕ್ರಿಕೆಟ್ ಹುಚ್ಚು. ನಮ್ಮ ದೊಡ್ಡಮ್ಮನಿಗೆ ಸಿ.ಎಸ್.ಪಿ. ಹುಚ್ಚು. ಸಿ.ಎಸ್.ಪಿ. ಯಾರೆಂದು ಐವತ್ತು ದಾಟಿದ ಕನ್ನಡಿಗರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ: ಟಿ.ಎನ್. ಸೀತಾರಾಮ್ ತಾವೇ ನಿರ್ದೇಶಿಸಿದ ಧಾರಾವಾಹಿಗಳಲ್ಲಿ ಕರಿಕೋಟು ಹಾಕಿಕೊಂಡು ಮಾಡುತ್ತಿದ್ದ ವಕೀಲನ ಪಾತ್ರ. ದೂರದರ್ಶನದಲ್ಲಿ 1998ರ 'ಮಾಯಾಮೃಗ'ದಿಂದ ಶುರುವಾಗಿ 'ಮುಕ್ತ'ದವರೆಗೆ ಆ ಕಾಲದ ಮನೆಗಳಲ್ಲಿ ಅಡುಗೆಯ ವೇಳೆಯನ್ನು ನಿರ್ಧರಿಸುತ್ತಿದ್ದವರು ಸೀತಾರಾಮ್. ಭದ್ರಾವತಿಯ ನ್ಯೂಟೌನಿನ ಉಕ್ಕಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ದೊಡ್ಡಮ್ಮ ಘೋಷಿಸಿದ್ದರು: "ಅವ್ರು ಕೋರ್ಟಲ್ಲಿ ಎದ್ದು ನಿಂತ್ರು ಅಂದ್ರೆ ಒಲೆ ಮೇಲಿನ ಹಾಲಿಗೂ ನಂಗೂ ಸಂಬಂಧ ಇಲ್ಲ." ಹಾಲು ಉಕ್ಕಿದ ಒಂದು ಸಂಜೆ ದೊಡ್ಡಪ್ಪ ಗಾದೆ ಹೇಳಿದರು: "ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು."

ದೊಡ್ಡಮ್ಮ ಟಿ.ವಿ.ಯಿಂದ ಕಣ್ಣು ತೆಗೆಯಲಿಲ್ಲ. "ನಮ್ಮ ಮದುವೆ ಆಗಿ ಮೂವತ್ತು ವರ್ಷ ಆಯ್ತಲ್ರೀ. ಇನ್ನೂ ಹುಚ್ಚು ಬಿಟ್ಟಿಲ್ಲ ಅಂದ್ರೆ ಗಾದೆ ಸುಳ್ಳಿರಬೇಕು. ಇಲ್ಲಾಂದ್ರೆ ಮದುವೆ ಸುಳ್ಳಿರಬೇಕು."

ದೊಡ್ಡಪ್ಪ ಕುಲುಮೆಯ ಮುಂದೆ ನಿಂತು ಬೇಯಿಸಿಕೊಂಡ ಮನುಷ್ಯ. ಅವರಿಗೂ ಉತ್ತರ ಹೊಳೆಯಲಿಲ್ಲ. ನಾನು ಅಂದಿನಿಂದ ಈ ಗಾದೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಲೇ ಇದ್ದೇನೆ. ಇದು ಗಾದೆಯಲ್ಲ, ಗಾಣ. ಎತ್ತು ಸುತ್ತುತ್ತದೆ, ಹೊರಟಲ್ಲಿಗೇ ಬರುತ್ತದೆ. ಮೊದಲರ್ಧ ಹೆಣ್ಣು ಕೊಡುವವರ ಮಾತು: ಮೊದಲು ಹುಚ್ಚು ಬಿಡಲಿ, ಆಮೇಲೆ ನೋಡೋಣ. ಎರಡನೆಯ ಅರ್ಧ ಗಂಡಿನ ತಾಯಿಯ ಮಾತು: ಮದುವೆ ಮಾಡಿ, ತಾನಾಗಿ ಸರಿಹೋಗುತ್ತಾನೆ. ಎರಡು ಮನೆಗಳ ಜಗಳವನ್ನು ಒಂದೇ ಉಸಿರಿನಲ್ಲಿ ಹೇಳಿ ತೀರ್ಪು ಕೊಡದೆ ಎದ್ದುಹೋದ ಆ ಗಾದೆಕಾರ ಒಳ್ಳೆಯ ವಕೀಲನೇ ಇರಬೇಕು. ಅವನು ಯೋಚಿಸದೆ ಬಿಟ್ಟ ಮೂರನೆಯ ಸಾಧ್ಯತೆಯನ್ನು ದೊಡ್ಡಮ್ಮ ತೋರಿಸಿಕೊಟ್ಟರು: ಮದುವೆಯೂ ಇರಲಿ, ಹುಚ್ಚೂ ಇರಲಿ, ಎರಡೂ ಒಂದೇ ಮನೆಯಲ್ಲಿ ಬಾಳಲಿ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ.

ಅಷ್ಟಕ್ಕೂ ಹುಚ್ಚನ್ನು ನಾವು ಎಂದೂ ಪೂರ್ತಿ ಬೈಗುಳವಾಗಿ ಬಳಸಿದವರಲ್ಲ. ಮಳೆಗಾಲದಲ್ಲಿ ತುಂಬಿ ಬಂದದ್ದು ಹುಚ್ಚುಹೊಳೆ. ಹೊಲದ ಅಂಚಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವುದು ಹುಚ್ಚೆಳ್ಳು. ಅದನ್ನು ಗಾಣಕ್ಕೆ ಹಾಕಿ ನುರಿಸಿದರೆ ಎಣ್ಣೆ, ಹುರಿದು ಕುಟ್ಟಿದರೆ ಚಟ್ನಿಪುಡಿ. ಕ್ರಶ್ಶನ್ನೂ ಹುಚ್ಚನ್ನೂ ಒಟ್ಟಿಗೆ ಒಂದೇ ಕಾಳಿನಲ್ಲಿ ಇಟ್ಟಿರುವ ಭಾಷೆಗೆ ಇನ್ನೊಬ್ಬರಿಂದ ಕಡ ತರುವ ಅಗತ್ಯವಿತ್ತೇ ಎಂದು ಕೇಳುವುದು ನನ್ನ ಗೊಣಗಾಟ.

ಆದರೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಹುಚ್ಚು ಎಂದರೆ ದೊಡ್ಡಪ್ಪ ಗಾದೆ ಹೇಳುತ್ತಾರೆ. ಪ್ರೀತಿ ಎಂದರೆ ಮನೆಯವರು ಜಾತಿ ಕೇಳುತ್ತಾರೆ. ಮೋಹ ಎಂದರೆ ಸ್ವಾಮಿಗಳು ಪ್ರವಚನಕ್ಕೆ ಕೂರುತ್ತಾರೆ. ಕ್ರಶ್ ಎಂದರೆ ಯಾರೂ ಏನೂ ಕೇಳುವುದಿಲ್ಲ. ಗೆಳತಿಗೆ ಹೇಳಬಹುದು, ಅಮ್ಮನಿಗೂ ಹೇಳಬಹುದು, ಬಸ್ಸಿನಲ್ಲಿ ಅಪರಿಚಿತ ಅಜ್ಜನ ಪಕ್ಕದಲ್ಲಿ ಕೂತೂ ಹೇಳಬಹುದು. ಒಬ್ಬಳಿಗೆ ಆದದ್ದು ಇನ್ನೊಬ್ಬಳಿಗೆ ಆದರೆ ಹೊಟ್ಟೆಕಿಚ್ಚಿಲ್ಲ, ಗೆಳೆತನ ಇನ್ನಷ್ಟು ಗಟ್ಟಿ. ಪಾಲು ಮಾಡಿದಷ್ಟೂ ಹೆಚ್ಚುವ ಈ ಹಗುರ ಭಾವಕ್ಕೆ ಹೆಣ್ಣುಮಕ್ಕಳು ತಮಗೆ ಬೇಕಾದ ಶಬ್ದ ತಂದುಕೊಂಡಿದ್ದಾರೆ. ದೊಡ್ಡಮ್ಮನಿಗೆ ಅದು ಸಿಕ್ಕಿದ್ದರೆ ಆ ಸಂಜೆ ವಾದ ಮಾಡುವ ಶ್ರಮವೇ ಇರುತ್ತಿರಲಿಲ್ಲ.

ಆದ್ದರಿಂದ ಶಂಕರಘಟ್ಟದ ಹುಡುಗಿಯರಿಗೆ ನನ್ನ ಅಡ್ಡಿ ಇಲ್ಲ. ಕ್ರಶ್ ಆಗಲಿ, ದಿನಕ್ಕೊಂದು ಆಗಲಿ. ನನ್ನ ಕೋರಿಕೆ ಪತ್ರಿಕೆ ಮತ್ತು ಟಿ.ವಿ.ಯವರಿಗೆ. ಈಚೆಗೆ ನೀವು 'ಸೀನಿಯರ್ ಆಕ್ಟರ್' ಎಂದು ಬರೆಯಲು ಶುರು ಮಾಡಿದ್ದೀರಿ. ಸೀನಿಯರ್ ಎನ್ನುವುದು ವಯಸ್ಸಿನ ಲೆಕ್ಕ, ಅದು ಸುಮ್ಮನೆ ಕೂತವರಿಗೂ ಬರುತ್ತದೆ. ದಯವಿಟ್ಟು 'ನುರಿತ ನಟ' ಎಂದೇ ಬರೆಯಿರಿ.